ಕಮಿನೋ ನಡಿಗೆ: ಕಿಲೋಮೀಟರಿಗೆ ಹತ್ತು ಸೆಂಟ್

ಫ್ರಾನ್ಸಿನ ಗಡಿಯ ಊರು ಸೇನ್ ಝಾನ್ ಪ್ಯೆ ದ ಪೋರ್‌ನಿಂದ ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೇಲಾವರೆಗೆ ಸುಮಾರು 780 ಕಿ.ಮೀ. ಅಲ್ಲಿನ ಚರ್ಚಿನಲ್ಲಿ ಯೇಸುವಿನ ಶಿಷ್ಯ ಸಂತ ಯಾಕೋಬನ ಸಮಾಧಿ ಇದೆ ಅನ್ನುವ ನಂಬಿಕೆ. ಸಾವಿರ ವರ್ಷಕ್ಕೂ ಹಿಂದಿನಿಂದ ಜನ ನಡೆದು ಬರುತ್ತಿರುವ ಈ ಯಾತ್ರೆಯ ದಾರಿಗೇ ಕಮಿನೋ ಅನ್ನುತ್ತಾರೆ. ನಾನು ನಡೆದದ್ದು ಬೇರೆ ಕಾರಣಕ್ಕೆ. ವಾಸಿಯಾಗದ ಕಾಯಿಲೆ ಇರುವವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಒಂದು ಸಂಸ್ಥೆಗೆ ದುಡ್ಡು ಕೂಡಿಸಬೇಕಿತ್ತು.

ಟಿಕೆಟ್, ಬೂಟು, ರಾತ್ರಿ ಮಲಗುವ ಖರ್ಚು ಎಲ್ಲ ನನ್ನ ಜೇಬಿನಿಂದಲೇ. ಇದನ್ನು ಎಲ್ಲರಿಗೂ ಮೊದಲ ಸಾಲಿನಲ್ಲೇ ಬರೆದೆ. ಇಲ್ಲದಿದ್ದರೆ "ನಿನ್ನ ಟ್ರಿಪ್ಪಿಗೆ ನಾವ್ಯಾಕೆ ಕೊಡಬೇಕು?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ, ಅಲ್ವಾ? ದುಡ್ಡು ನನ್ನ ಕೈಗೆ ಬರಲಿಲ್ಲ, ನೇರವಾಗಿ ಸಂಸ್ಥೆಯ ಖಾತೆಗೆ ಹೋಯಿತು. ಅವರ ಹೆಸರು ಬಳಸಲು ಮೊದಲೇ ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡಿದ್ದೆ.

ನಡೆದ ಕಿಲೋಮೀಟರಿಗೆ ಇಷ್ಟು ಕೊಡಿ ಅಂತ ಕೇಳುವುದು ಹಳೆಯ ಉಪಾಯ. ಆದರೆ ಅದರಲ್ಲೊಂದು ತೊಡಕಿದೆ. ಹತ್ತು ಸೆಂಟ್ ಅಂದರೆ ಚಿಲ್ಲರೆ ಅನಿಸುತ್ತದೆ, ದಾರಿ ಮುಗಿಯುವಷ್ಟರಲ್ಲಿ 78 ಯೂರೋ ಆಗಿರುತ್ತದೆ. ಅರ್ಧ ಯೂರೋ ಅಂದವರಿಗೆ 390. ಲೆಕ್ಕ ಹಾಕದೆ ಹೂಂ ಅಂದವರು ಆಮೇಲೆ ಫೋನ್ ಎತ್ತುವುದಿಲ್ಲ. ಹಾಗಾಗಿ ಪ್ರತಿಯೊಬ್ಬರ ಹೆಸರಿನ ಪಕ್ಕ ಒಟ್ಟು ಮೊತ್ತ ಬರೆದು ಕಳಿಸಿ, "ಇದು ಸರಿನಾ?" ಅಂತ ಕೇಳಿದೆ. ಕೆಲವರು ಇಳಿಸಿಕೊಂಡರು. ಇಳಿಸಿಕೊಂಡವರು ಕೊಟ್ಟರು ಕೂಡ. ನಡುವೆ ಮಂಡಿ ಕೈಕೊಟ್ಟರೆ ನಡೆದಷ್ಟಕ್ಕೇ ಕೊಟ್ಟರೆ ಸಾಕು ಅಂತಲೂ ಹೇಳಿದ್ದೆ. ಅದರಿಂದ ನನಗೇ ನಿರಾಳ. ಊದಿದ ಕಾಲಿನಲ್ಲಿ ಹಟಕ್ಕೆ ಬಿದ್ದು ನಡೆಯಬೇಕಾಗಿರಲಿಲ್ಲ.

ಇನ್ನೊಂದು, ಗ್ರೂಪಿನಲ್ಲಿ ಮೆಸೇಜ್ ಹಾಕಿದರೆ ಹೆಬ್ಬೆರಳು ಬರುತ್ತದೆ, ದುಡ್ಡು ಬರುವುದಿಲ್ಲ. ಒಬ್ಬೊಬ್ಬರಿಗೂ ಬೇರೆಯಾಗಿ ಬರೆದೆ. ಖಂಡಿತ ಕೊಡುವವರನ್ನು ಮೊದಲು ಕೇಳಿದೆ. ಪಟ್ಟಿಯ ಮೇಲ್ಭಾಗದಲ್ಲಿ ದೊಡ್ಡ ಮೊತ್ತ ಇದ್ದರೆ ಕೆಳಗಿನವರೂ ಸ್ವಲ್ಪ ಜಾಸ್ತಿ ಬರೆಯುತ್ತಾರೆ. ಹೊರಡುವ ದಿನಕ್ಕೆ ಮುಕ್ಕಾಲು ಪಾಲು ಮಾತು ಸಿಕ್ಕಾಗಿತ್ತು.

ದಾರಿಯಲ್ಲಿ ಪ್ರತಿ ಯಾತ್ರಿಕನ ಹತ್ತಿರ ಕ್ರೆದೆನ್ಸಿಯಾಲ್ ಅನ್ನುವ ಪುಟ್ಟ ಪುಸ್ತಕ ಇರುತ್ತದೆ. ತಂಗುವ ಕಡೆಯೆಲ್ಲ ಅದಕ್ಕೆ ಮುದ್ರೆ ಹಾಕುತ್ತಾರೆ. ಸಂಜೆ ಆ ಮುದ್ರೆಯ ಫೋಟೋ ಕಳಿಸಿದರೆ ಬೇರೆ ಸಾಕ್ಷಿ ಬೇಡ. ಬೊಬ್ಬೆ ಎದ್ದ ಪಾದದ ಫೋಟೋ ಮಾತ್ರ ಕಳಿಸಲಿಲ್ಲ. ಜನರ ಕನಿಕರ ನನ್ನ ಕಾಲಿಗೆ ಹೋಗಿಬಿಡುತ್ತದೆ, ಕಾಯಿಲೆಯವರು ಮರೆತೇ ಹೋಗುತ್ತಾರೆ. ಬದಲಿಗೆ ನರ್ಸ್ ಮನೆಗೆ ಬಂದಾಗ ಏನು ಮಾಡುತ್ತಾರೆ ಅಂತ ಒಂದೆರಡು ಸಾಲು ಹಾಕುತ್ತಿದ್ದೆ. ಅವನ್ನು ಹೊರಡುವ ಮೊದಲೇ ಬರೆದಿಟ್ಟುಕೊಂಡಿದ್ದೆ. ಬಟ್ಟೆ ಒಗೆದು ಮಲಗುವ ಹೊತ್ತಿಗೆ ಬರೆಯುವ ಚೈತನ್ಯ ಎಲ್ಲಿರುತ್ತದೆ?

ಬುರ್ಗೋಸ್‌ನಿಂದ ಲಿಯೋನ್‌ವರೆಗೆ ಮೆಸೆತಾ, ಬರೀ ಬಯಲು. ಕಾರ್ರಿಯೋನ್ ದಾಟಿದ ಮೇಲೆ 17 ಕಿ.ಮೀ. ಒಂದೂ ಊರಿಲ್ಲ. ಬೇಜಾರಾಗುವ ದಾರಿ ಅಂತ ಬಸ್ ಹತ್ತುವವರಿದ್ದಾರೆ. ನನಗೆ ಅದೇ ಅನುಕೂಲವಾಯಿತು. ನಡೆಯುತ್ತಲೇ ಕೊಟ್ಟವರ ಹೆಸರು ಹಿಡಿದು ಧ್ವನಿ ಸಂದೇಶ ಕಳಿಸಿದೆ. ಗಾಳಿಯ ಸದ್ದು, ಏದುಸಿರು ಎಲ್ಲ ಸೇರಿ ಹೋಯಿತು. ಕೇಳಿದವರಲ್ಲಿ ಕೆಲವರು ಮತ್ತೆ ಕೊಟ್ಟರು.

ಅದಕ್ಕೂ ಹಿಂದೆ ಸಿಗುವ ಗ್ರಾನ್ಯೋನ್ ಊರಿನ ಚರ್ಚಿನಲ್ಲಿ ಮಲಗಲು ನಿಗದಿತ ಬಾಡಿಗೆ ಇಲ್ಲ. ತೆರೆದ ಪೆಟ್ಟಿಗೆಯೊಂದಿದೆ. ಆದಷ್ಟು ಹಾಕಿ, ಬೇಕಾದಷ್ಟು ತೆಗೆದುಕೊಳ್ಳಿ ಅನ್ನುವ ಪದ್ಧತಿ. ತಿಂಗಳುಗಟ್ಟಲೆ ಕೇಳಿ ಕೇಳಿ ದಣಿದಿದ್ದ ನನಗೆ ಆ ಪೆಟ್ಟಿಗೆ ಕಂಡು ಹೊಟ್ಟೆಕಿಚ್ಚೇ ಆಯಿತು!

ಕನಿಷ್ಠ 100 ಕಿ.ಮೀ. ನಡೆದವರಿಗೆ ಸಾಂತಿಯಾಗೊದಲ್ಲಿ ಕಾಂಪೊಸ್ತೇಲಾ ಅನ್ನುವ ಪತ್ರ ಕೊಡುತ್ತಾರೆ. ತೀರಿಕೊಂಡವರ ಅಥವಾ ನಡೆಯಲಾಗದವರ ಪರವಾಗಿ ನಡೆದಿದ್ದರೆ ಅವರ ಹೆಸರನ್ನೂ ಬರೆಸಬಹುದು. ದಾನ ಕೊಟ್ಟವರೊಬ್ಬರು ಅವರ ಅಮ್ಮನ ಹೆಸರು ಬರೆಸುತ್ತೀಯಾ ಅಂದರು, ಹೂಂ ಅಂದೆ. ಆಮೇಲೆ ಬೇರೆಯವರೂ ಕೇಳಿದರು. ಇರುವುದು ಒಂದೇ ಪತ್ರ. ಅವರಿಗೆಲ್ಲ ಒಂದೊಂದು ದಿನದ ನಡಿಗೆ ಅಂತ ಮಾಡಿ, ಆ ದಿನದ ಫೋಟೋದಲ್ಲಿ ಹೆಸರು ಬರೆದೆ. ಇದಕ್ಕೆ ಇಷ್ಟು ಅಂತ ದರ ಇಡಲಿಲ್ಲ. ಇಡಬಾರದು ಕೂಡ.

ಮುಟ್ಟಿದ ವಾರದಲ್ಲೇ ಎಲ್ಲರಿಗೂ ಅವರವರ ಮೊತ್ತ ನೆನಪಿಸಿದೆ. ತಡ ಮಾಡಿದರೆ ಬಿಸಿ ಆರಿಹೋಗುತ್ತದೆ. ಉಳಿದವರಿಗೆ ಇನ್ನೊಂದು ಸಲ, ಅಷ್ಟೇ. ಕೊನೆಗೆ ಒಟ್ಟು ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಅಂತ ಸಂಸ್ಥೆಯಿಂದಲೇ ಪತ್ರ ಬರೆಸಿ, ಕೊಟ್ಟವರಿಗೆಲ್ಲ ಕಳಿಸಿದೆ. ಹತ್ತು ಸೆಂಟಿನವರಿಗೂ ಅದೇ ಪತ್ರ.