ಪಂಚಮಿ ಉಂಡಿ, ಫರಸಿ ಸಂದಿಯ ಇರುವೆ: ನನಗೆ ಫಲ ಕೊಟ್ಟ ಮದ್ದು

ನಾಗರ ಪಂಚಮಿ ಹತ್ತಿರ ಬಂತೆಂದರೆ ನಮ್ಮ ಬೆಟಗೇರಿ ಮನೆಯಲ್ಲಿ ಉಂಡಿ ಆರ್ಡರು ಜೋರು. ಅದೇ ಹೊತ್ತಿಗೆ ಮಳೆಗೆ ಎರೆಮಣ್ಣು ತೊಯ್ದು, ಇರುವೆಗಳೆಲ್ಲ ನೆಲದ ಫರಸಿ ಕಲ್ಲಿನ ಸಂದಿಯಿಂದ ಒಳಗೆ ಬರುತ್ತವೆ. ಮನೆಯಲ್ಲೇ ಉಂಡಿ-ಹೋಳಿಗೆ ಮಾಡಿ ಮಾರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಒಂದು ವರ್ಷ ಶೇಂಗಾ ಉಂಡಿ, ಎಳ್ಳುಂಡಿ ಸೇರಿ ಏಳೆಂಟು ಕಿಲೋ ಎಸೆದೆ. ಎರಡೂವರೆ ಸಾವಿರದ ಮಾಲು.

ಅರಿಶಿಣ ಹಾಕಿದರೆ ಅವು ಪಕ್ಕದ ದಾರಿ ಹಿಡಿದವು. ಇರುವೆ ಕೊಲ್ಲುವ ಚಾಕ್‌ನ ಗೆರೆ ನೆಲ ಒರೆಸಿದ ಕೂಡಲೇ ಹೋಯ್ತು. ಅದೂ ವಿಷವೇ, ಉಂಡಿ ಕಟ್ಟುವ ಜಾಗದಲ್ಲಿ ಬೇಡ. ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಟ್ಟೆ, ಗೋಡೆಯಿಂದ ಇಳಿದವು. ಕೊನೆಗೆ ಔಷಧಿ ಹೊಡೆಯುವವರನ್ನು ಕರೆಸಿದೆ. ಸಾವಿರದ ಎಂಟುನೂರೋ ಏನೋ ತಗೊಂಡರು. ಎರಡು-ಮೂರು ವಾರ ಸುಮ್ಮನಿದ್ದವು. ಆಮೇಲೆ ಒಂದು ಸಾಲು ಇದ್ದಲ್ಲಿ ನಾಲ್ಕು ಸಾಲು!

ಕಾರಣ ಇದು. ಸಣ್ಣ ಹಳದಿ ಇರುವೆಯ ಗೂಡಿನಲ್ಲಿ ರಾಣಿಯರು ಬಹಳ. ಸ್ಪ್ರೇ ತಾಗಿದರೆ ಗೂಡು ಒಡೆದು, ರಾಣಿಯರು ತಮ್ಮ ಮಂದಿಯನ್ನು ಕಟ್ಟಿಕೊಂಡು ಬೇರೆ ಬೇರೆ ಸಂದಿ ಸೇರುತ್ತಾರೆ. ಕಣ್ಣಿಗೆ ಕಾಣುವ ಇರುವೆಯನ್ನು ಕೊಂದು ಪ್ರಯೋಜನವಿಲ್ಲ. ಅದರ ಕೈಯಲ್ಲೇ ವಿಷವನ್ನು ರಾಣಿಗೆ ಕಳಿಸಬೇಕು.

ಆ ವಿಷವೇ ಬೋರಿಕ್ ಪೌಡರ್, ಅದು ಎಲ್ಲರಿಗೂ ಗೊತ್ತು. ಎಲ್ಲರೂ ಜಾಸ್ತಿ ಹಾಕುತ್ತಾರೆ, ಅಲ್ಲೇ ಕೆಡುವುದು. ಗಟ್ಟಿಯಾದರೆ ಇರುವೆ ಬಾಯೇ ಹಚ್ಚುವುದಿಲ್ಲ, ಹಚ್ಚಿದರೂ ಗೂಡು ಮುಟ್ಟುವ ಮೊದಲೇ ಸಾಯುತ್ತದೆ. ನನ್ನ ಲೆಕ್ಕ: ಅರ್ಧ ಲೀಟರ್ ಬೆಚ್ಚಗಿನ ನೀರು, 50 ಗ್ರಾಂ ಸಕ್ಕರೆ, ಬೋರಿಕ್ ಒಂದೇ ಟೀ ಚಮಚ, ಅಂದರೆ 5 ಗ್ರಾಂ ಆಸುಪಾಸು. ಬಾಟಲಿ ಮುಚ್ಚಳದಲ್ಲಿ ಹತ್ತಿ ಇಟ್ಟು ಅದನ್ನು ನೆನೆಸಿ ಸಾಲಿನ ಪಕ್ಕ ಇಡುವುದು. ಎರಡು ದಿನಕ್ಕೊಮ್ಮೆ ಬದಲಿಸುವುದು.

ಮೊದಲ ದಿನ ಜಾತ್ರೆ ನೆರೆಯುತ್ತದೆ. ನಮ್ಮ ಅತ್ತೆ ನೋಡಿ, "ಇರುವಿಗೆ ಸಕ್ರಿ ಹಾಕಿ ಸಾಕಾಕ ಹತ್ತೀಯೇನವಾ?" ಅಂದರು. ಓಣಿಯವರೂ ನಕ್ಕರು. ಆಗ ಸಾಲನ್ನು ಒರೆಸಲೇಬಾರದು. ಬೇರೆ ಸಿಹಿ ಒಂದು ಕಾಳೂ ಹೊರಗಿರಬಾರದು. ನಾಲ್ಕೈದು ದಿನಕ್ಕೆ ಸಾಲು ತೆಳುವಾಯಿತು. ಎರಡನೇ ವಾರ ಮುಗಿಯುವ ಹೊತ್ತಿಗೆ ಸಂದಿ ಖಾಲಿ. ಆಮೇಲೆ ಸಾಬೂನು ನೀರಲ್ಲಿ ದಾರಿ ಒರೆಸಿ, ಸಂದಿಗೆ ಬಿಳಿ ಸಿಮೆಂಟ್ ತುಂಬಿದೆ. ಈಗ ಅತ್ತೆಯೇ ಮುಚ್ಚಳ ಇಡುತ್ತಾರೆ. ನಮ್ಮ ಓಣಿಯಲ್ಲಿ ನಾಲ್ಕು ಮನೆಗೆ ನಾನೇ ಕಲಿಸಿದ್ದೇನೆ.

ನಡುವೆ ಇನ್ನೊಂದು ಮಾಡಿ ನೋಡಿದೆ. ಕಪ್ಪು ತಲೆ, ಬಿಳಿಚಿದ ಹೊಟ್ಟೆಯ ಸಣ್ಣ ಇರುವೆ ಇರುತ್ತದಲ್ಲ, ಅದಕ್ಕೆ ಬರೀ ಸಕ್ಕರೆ ನೀರಿಗೆ ಜಿಲೇಬಿಯ ಕೇಸರಿ ಬಣ್ಣ ಹಾಕಿ ಕೊಟ್ಟೆ. ಹನಿಯ ಸುತ್ತ ತಲೆ ಹಚ್ಚಿ ಕುಡಿದವು. ಹೊಟ್ಟೆ ಉಬ್ಬಿ, ಚರ್ಮದೊಳಗಿಂದ ಕೇಸರಿ ಮಿಂಚತೊಡಗಿತು. ಆ ಬಣ್ಣದ ಬೆನ್ನು ಹತ್ತಿ ಹೋದರೆ ಗೂಡು ಸ್ವಿಚ್ ಬೋರ್ಡಿನ ಹಿಂದೆ!

ಕಚ್ಚುವ ಕೆಂಪಿರುವೆ ಈ ಸಕ್ಕರೆ ನೀರಿಗೆ ಅಷ್ಟಾಗಿ ಬರಲಿಲ್ಲ. ಅದಕ್ಕೆ ಎಣ್ಣೆ ಪದಾರ್ಥ ಇಷ್ಟ. ಹುರಿದ ಶೇಂಗಾ ಅರೆದು, ಬೋರಿಕ್ ಚಿಟಿಕೆಯಷ್ಟು ಬೆರೆಸಿದೆ. ಅದರಲ್ಲಿ ಇನ್ನೊಂದು ಸಾಮಾನು ಬೀಳುತ್ತದೆ, ಅದು ನನ್ನ ಹತ್ತಿರವೇ ಇರಲಿ. ದೊಡ್ಡ ಕಪ್ಪು ಗೊದ್ದ ನಮ್ಮಲ್ಲಿ ಅಂಗಳದ ಮರದ ಬುಡದಿಂದ ಬರುತ್ತಿತ್ತು, ಬಾಗಿಲ ಸಂದಿ ಮುಚ್ಚಿದ್ದೇ ಸಾಕಾಯಿತು.

ಖರ್ಚು ಬೋರಿಕ್ ಪೊಟ್ಟಣಕ್ಕೆ ನಾನು ಕೊಂಡಾಗ ಮೂವತ್ತು-ನಲವತ್ತು ರೂಪಾಯಿ, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಕೇರಂ ಪೌಡರ್ ಕೊಂಡರೆ ಮೇಲೆ ಬೋರಿಕ್ ಅಂತ ಬರೆದಿದೆಯಾ ನೋಡಿ, ಎಲ್ಲವೂ ಅದಲ್ಲ. ಉಪ್ಪು-ಸಕ್ಕರೆ ಡಬ್ಬಿ ಪಕ್ಕ ಇಡಬೇಡಿ, ನೋಡಲು ಹಿಟ್ಟಿನಂತೆಯೇ ಇರುತ್ತದೆ. ಕೂಸು ಇರುವ ಮನೆಯಾದರೆ ಮುಚ್ಚಳ ನೆಲದ ಮೇಲೆ ಬೇಡವೇ ಬೇಡ, ಕಪಾಟಿನ ಹಿಂದೆ, ಕೈಗೆ ಎಟುಕದಲ್ಲಿ ಇಡಿ.