ಪ್ರೋಬ್ ಹಿಡಿಯುವ ಕೈ

ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಕೊನೆ ವರ್ಷದವರಿಗೆ ಅಲ್ಟ್ರಾಸೌಂಡ್ ಕಲಿಸುತ್ತೇನೆ. ಒಂದು ಮೆಷಿನ್‌ಗೆ ನಾಲ್ಕೇ ಜನ. ಐದನೆಯವನು ಬಂದರೆ ಮೊಬೈಲ್ ನೋಡ್ತಾ ನಿಂತಿರುತ್ತಾನೆ, ಅಷ್ಟೇ.

ಮೊದಲ ಕ್ಲಾಸಿನಲ್ಲಿ ಕಾಯಿಲೆಯ ಮಾತೇ ಇಲ್ಲ. ಪ್ರೋಬನ್ನು, ಅಂದರೆ ಮೈಮೇಲೆ ಇಟ್ಟು ನೋಡುವ ಮೆಷಿನ್ನಿನ ಹಿಡಿಯನ್ನು, ಪೆನ್ನಿನ ಹಾಗೆ ಹಿಡಿದು, ಕಿರುಬೆರಳನ್ನು ಹೊಟ್ಟೆ ಮೇಲೆ ಊರಬೇಕು. ಊರದಿದ್ದರೆ ಜೆಲ್ ಮೇಲೆ ಜಾರುತ್ತಲೇ ಇರುತ್ತದೆ. ಚಿತ್ರ ಸರಿ ಬರಲಿಲ್ಲ ಅಂದ ಕೂಡಲೇ ಎಲ್ಲರೂ ಸರಿಸೋದು, ಓರೆ ಮಾಡೋದು, ತಿರುಗಿಸೋದು ಎಲ್ಲಾ ಒಟ್ಟಿಗೆ ಶುರು ಮಾಡುತ್ತಾರೆ. ಆಮೇಲೆ ಎಲ್ಲಿದ್ದೇವೆ ಅಂತ ಅವರಿಗೇ ಗೊತ್ತಿರಲ್ಲ. ಅದಕ್ಕೇ ಒಂದು ಸಲಕ್ಕೆ ಒಂದೇ ಚಲನೆ, ಅದನ್ನೂ ಬಾಯಿಬಿಟ್ಟು ಹೇಳಿ ಮಾಡಬೇಕು. 'ಈಗ ಓರೆ ಮಾಡ್ತಿದೀನಿ ಸರ್.' ಕೇಳೋಕೆ ತಮಾಷೆ, ಆದರೆ ಕೈ ಹತೋಟಿಗೆ ಬರುತ್ತದೆ.

ಮಲಗುವುದು ಅವರಲ್ಲೇ ಒಬ್ಬ ಹುಡುಗ, ಒಪ್ಪಿದರೆ ಮಾತ್ರ. ಮೊದಲೇ ಒಂದು ಬಾಟಲ್ ನೀರು ಕುಡಿಸಿರುತ್ತೇನೆ. ತುಂಬಿದ ಮೂತ್ರಕೋಶ ಕಪ್ಪಗೆ ಕಾಣುತ್ತದೆ, ನೀರು ಹೇಗಿರುತ್ತೆ ಅಂತ ಕಣ್ಣಿಗೆ ಗೊತ್ತಾಗುತ್ತದೆ.

ಆಮೇಲೆ ಬಲಪಕ್ಕೆ. ಲಿವರ್ ಮತ್ತು ಕಿಡ್ನಿ ನಡುವಿನ ಮಾರಿಸನ್ ಪೌಚ್. ರಾತ್ರಿ ಹೊಸೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದವರು ಕ್ಯಾಶುವಾಲ್ಟಿಗೆ ಬಂದಾಗ, ಫಾಸ್ಟ್ ಸ್ಕ್ಯಾನ್‌ನಲ್ಲಿ, ಅಂದರೆ ಗಾಯಾಳುಗಳಿಗೆ ಬೇಗ ಮಾಡುವ ಅಲ್ಟ್ರಾಸೌಂಡ್‌ನಲ್ಲಿ, ಒಳಗೆ ಸೋರಿದ ರಕ್ತ ಹುಡುಕುವ ಮುಖ್ಯ ಜಾಗ ಇದು. ಪ್ರೋಬಿನ ಗುರುತು ತಲೆ ಕಡೆಗಿರಬೇಕು. ಪಕ್ಕೆಲುಬಿನ ನೆರಳು ಅಡ್ಡ ಬಂದರೆ ಸಂದಿಗೆ ಸರಿಯಾಗಿ ಸ್ವಲ್ಪ ತಿರುಗಿಸಿ, 'ಉಸಿರು ಎಳ್ಕೊಂಡು ಹಿಡ್ಕೊಳ್ಳಿ' ಅನ್ನಬೇಕು. ಲಿವರ್ ಕೆಳಗಿಳಿಯುತ್ತದೆ. ನಡುವೆ ರಕ್ತದ ಕಪ್ಪು ಪಟ್ಟಿ ಇಲ್ಲದೆ ಲಿವರ್, ಕಿಡ್ನಿ ಎರಡೂ ಅಂಟಿಕೊಂಡಂತೆ ಕಂಡ ತಕ್ಷಣ 'ನಾರ್ಮಲ್ ಸರ್' ಅನ್ನುತ್ತಾರೆ. ನಾನು ಅಲ್ಲಿಗೆ ಬಿಡಲ್ಲ. ಲಿವರಿನ ಕೆಳತುದಿಯವರೆಗೂ ಹೋಗಬೇಕು, ಸ್ವಲ್ಪವೇ ರಕ್ತ ಇದ್ದರೆ ಹೆಚ್ಚಾಗಿ ಸಿಗೋದು ಅಲ್ಲೇ. 200 ಮಿ.ಲೀ.ಗಿಂತ ಕಡಿಮೆ ಇದ್ದರೆ ಅಲ್ಲೂ ಕಾಣದೆ ಹೋಗಬಹುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು.

ಗರ್ಭಿಣಿಯರ ಹತ್ತಿರ ನನ್ನ ಕ್ಲಾಸ್ ಹೋಗುವುದೇ ಇಲ್ಲ. ಹುಟ್ಟುವ ಮೊದಲೇ ಮಗುವಿನ ಲಿಂಗ ಪತ್ತೆ ಮಾಡೋದನ್ನು ನಿಷೇಧಿಸುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇದೆಯಲ್ಲ. ಮೆಷಿನ್ ಇಡುವ ಜಾಗಕ್ಕೂ ನೋಂದಣಿ ಬೇಕು, ಪೋರ್ಟಬಲ್ ಅಂತ ಸುಮ್ನೆ ಹಾಸ್ಟೆಲ್‌ಗೆ ಹೊತ್ತೊಯ್ಯುವಂತಿಲ್ಲ. ಕಿರಿಕಿರಿ ಹೌದು. ಆದರೆ ಹೆಣ್ಣುಭ್ರೂಣ ಹತ್ಯೆಗೆ ಇದೇ ಮೆಷಿನ್ ಬಳಕೆಯಾಯಿತು ಅನ್ನೋದನ್ನು ಹೇಳದೆ ನಾನು ಯಾರ ಕೈಗೂ ಪ್ರೋಬ್ ಕೊಡಲ್ಲ.

ಅಲ್ಟ್ರಾಸೌಂಡ್ ನೋಡಿಕೊಂಡು ರಕ್ತನಾಳಕ್ಕೆ ಸೂಜಿ ಹಾಕೋದು ಕಲಿಸುವ ರೆಡಿಮೇಡ್ ಮಾಡೆಲ್ ತುಂಬಾ ದುಬಾರಿ. ನಾನು ಮನೆಯಲ್ಲೇ ಮಾಡುತ್ತೇನೆ. ಮಲ್ಲೇಶ್ವರದ ಅಂಗಡಿಯಿಂದ ತಂದ ಚೈನಾ ಗ್ರಾಸ್ ಕುದಿಸಿ, ಇಸಬ್‌ಗೋಲ್ ಕಲಸಿ ಡಬ್ಬಿಗೆ ಸುರಿಯುತ್ತೇನೆ. ನಡುವೆ ಕೆಂಪು ನೀರು ತುಂಬಿದ ಉದ್ದ ಬಲೂನು, ಅದೇ ರಕ್ತನಾಳ. ಬಿಗಿಯಾಗಿ ತುಂಬಬಾರದು, ಗಾಳಿಗುಳ್ಳೆಯೂ ಉಳಿಯಬಾರದು. ಇಸಬ್‌ಗೋಲ್ ಇಲ್ಲದಿದ್ದರೆ ಸುತ್ತಲೂ ಕಪ್ಪು, ಹಾಕಿದರೆ ಮಾಂಸದ ಬೂದು ಬಣ್ಣ ಬರುತ್ತದೆ. ಬಿಸಿ ಇರುವಾಗಲೇ ಚೆನ್ನಾಗಿ ಕಲಸಬೇಕು, ಇಲ್ಲಾಂದ್ರೆ ಗಂಟು ಗಂಟು.

ಪರದೆಯ ಮೇಲೆ ಹೊಳೆಯುವ ಚುಕ್ಕೆ ಸೂಜಿಯ ತುದಿಯೇ ಆಗಿರಬೇಕಿಲ್ಲ, ನಡುಭಾಗವೂ ಹಾಗೇ ಹೊಳೆಯುತ್ತದೆ. ತುದಿ ಆಗಲೇ ಬಲೂನು ದಾಟಿ ಹೋಗಿರಬಹುದು. ಆದ್ದರಿಂದ ಸಿರಿಂಜಿಗೆ ಕೆಂಪು ನೀರು ಬಂದ ಮಾತ್ರಕ್ಕೆ ನಾನು ಮಾರ್ಕ್ಸ್ ಕೊಡಲ್ಲ. ಬರುವ ಮೊದಲೇ ತುದಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬೇಕು.