ಯುಡಿಐಡಿ ಕಾರ್ಡ್ ಇದ್ದರೂ ಶಾಲೆಯಲ್ಲಿ ವಿಶೇಷ ಶಿಕ್ಷಣದ ನೆರವು ಸಿಗದಿದ್ದಾಗ

ನನ್ನ ಅಕ್ಕನ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಚಲನೆಗೆ ಅಡ್ಡಿಯಾಗುವ ಸ್ಥಿತಿ) ಇದೆ; ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯೂ ಇತ್ತು. ಅವಳು ಸರ್ಕಾರಿ ಶಾಲೆಗೆ ದಾಖಲಾಗಿದ್ದರೂ ಇಂಥ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರ ಭೇಟಿಯಾಗಲಿ, ಫಿಸಿಯೋಥೆರಪಿಯಾಗಲಿ, ಸಾಧನ ಸಲಕರಣೆಯಾಗಲಿ ಅವಳಿಗೆ ದೊರೆಯುತ್ತಿರಲಿಲ್ಲ. ವಿಶೇಷ ಅಗತ್ಯವುಳ್ಳ ಮಕ್ಕಳ ಪಟ್ಟಿಯಲ್ಲಿ ಹೆಸರಿಲ್ಲ ಎಂಬುದೊಂದೇ ಉತ್ತರ.

ಬಾಯಿಮಾತಿನ ಮನವಿ, ಕಾರ್ಡಿನ ನಕಲು ಕೊಟ್ಟು ಕಾದದ್ದು, ಎರಡೂ ಫಲಿಸಲಿಲ್ಲ. ಅಂಗವಿಕಲರ ಕಲ್ಯಾಣ ಕಚೇರಿಯಿಂದಲೂ ಕೆಲಸವಾಗಲಿಲ್ಲ, ಏಕೆಂದರೆ ಶಾಲೆಯೊಳಗಿನ ಈ ಸೇವೆಗಳು ಶಿಕ್ಷಣ ಇಲಾಖೆಯ ಸಮಗ್ರ ಶಿಕ್ಷಣ ಯೋಜನೆಗೆ ಸೇರಿದವು.

ಕೊನೆಗೆ ಕೆಲಸ ಮಾಡಿದ್ದು ಶಾಲಾ ದಾಖಲೆಯ ತಿದ್ದುಪಡಿ. ಕಾರ್ಡ್ ಬಂದ ಮಾತ್ರಕ್ಕೆ ಆ ದಾಖಲೆ ತಾನಾಗಿ ಬದಲಾಗಿರಲಿಲ್ಲ; ಅವಳ ಹೆಸರಿನ ಮುಂದೆ ವಿಶೇಷ ಅಗತ್ಯವುಳ್ಳ ಮಗು ಎಂಬ ಅಂಕಣದಲ್ಲಿ ‘ಇಲ್ಲ’ ಎಂದೇ ಇತ್ತು. ಮೊದಲು ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಡಬೇಕು. ಅದರಲ್ಲಿ ಮಗುವಿನ ಸ್ಯಾಟ್ಸ್ (ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಸಂಖ್ಯೆ, ಯುಡಿಐಡಿ ಸಂಖ್ಯೆ, ಕಾರ್ಡಿನಲ್ಲಿರುವಂತೆಯೇ ವೈಕಲ್ಯದ ಬಗೆ ಮತ್ತು ಶೇಕಡಾ ಪ್ರಮಾಣವಿರಲಿ. ‘ಸೂಕ್ತ ನೆರವು’ ಎಂದು ಬರೆಯದೆ ಬೇಕಾದ ಸೇವೆಗಳನ್ನು ಒಂದೊಂದಾಗಿ ಹೆಸರಿಸಿ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16 ಮತ್ತು 17ನೇ ಕಲಮುಗಳನ್ನು ಉಲ್ಲೇಖಿಸಬೇಕು. ಇನ್ನೊಂದು ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಬೇಕು, ಇದನ್ನು ಬಿಡಲೇಬಾರದು. ಸ್ಯಾಟ್ಸ್ ಮತ್ತು ಯುಡೈಸ್ ಪ್ಲಸ್ (ಕೇಂದ್ರ ಸರ್ಕಾರದ ಶಾಲಾ ಮಾಹಿತಿ ದಾಖಲೆ) ಎರಡರಲ್ಲೂ ತಿದ್ದುಪಡಿಯಾದುದನ್ನು ಪರದೆಯ ಮೇಲೆ ಕಣ್ಣಾರೆ ನೋಡಿದ ಬಳಿಕವೇ ಆ ಸ್ವೀಕೃತಿ ಪ್ರತಿಯ ನಕಲನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೂ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ (ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ) ಶಿಕ್ಷಕರಿಗೂ ಕೊಟ್ಟು, ಮಗುವಿಗೆ ಯಾವ ನೆರವು ಬೇಕೆಂದು ಪರೀಕ್ಷಿಸುವ ಮುಂದಿನ ಮೌಲ್ಯಾಂಕನ ಶಿಬಿರದ ಪಟ್ಟಿಗೆ ಮಗುವಿನ ಹೆಸರನ್ನು ಅಲ್ಲಿಯೇ ಸೇರಿಸುವಂತೆ ನೋಡಿಕೊಳ್ಳಬೇಕು.